ಸಹಿ ಬರುವುದಿಲ್ಲ ಎಂದು ಬರೆಸಿಕೊಂಡವನು

ಆಸ್ಪತ್ರೆಯ ಟೆಲಿಫೋನ್ ಆಪರೇಟರನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಹಲೋ ಮಾವ' ಎಂದೇ. ಹುಟ್ಟಿನಿಂದ ಕಣ್ಣಿಲ್ಲ, ಆದರೂ ಇಪ್ಪತ್ತೆಂಟು ವರ್ಷದಲ್ಲಿ ಒಂದು ಕರೆಯನ್ನೂ ತಪ್ಪು ವಾರ್ಡಿಗೆ ಕೊಟ್ಟವನಲ್ಲ. ಸಹಿ ಕಲಿಸಿದ್ದು ಅಕ್ಕ, ಅವನ ಬೆನ್ನ ಮೇಲೆ ಬೆರಳಲ್ಲಿ ಬರೆದು ಬರೆದು. ಹೆಬ್ಬೆಟ್ಟು ಒತ್ತು ಅಂದವರ ಮೇಲೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ.

ಹಾಗಾಗಿ ಮತಗಟ್ಟೆಯ ಹೊಸ ಯಂತ್ರವನ್ನು ಪರೀಕ್ಷಿಸಿಕೊಡಿ ಎಂದು ಚುನಾವಣಾ ಕಚೇರಿಯಿಂದ ಕರೆ ಬಂದಾಗ ರಜೆ ಹಾಕಿಯೇ ಹೋದ. ಸ್ಲೇಟಿನಷ್ಟು ಅಗಲದ ಗಾಜು. ಮತದಾರರ ಹೆಸರನ್ನು ಪುಸ್ತಕದ ಬದಲು ಇದರಲ್ಲಿ ಹುಡುಕಿ, ಸಹಿಯನ್ನೂ ಇದರ ಮೇಲೇ ಹಾಕಿಸಿಕೊಳ್ಳುವುದು. ಎರಡು ದಿನ ತಡವಿ ನೋಡಿ ಅವನು ಅದರ ವಿನ್ಯಾಸಗಾರ್ತಿಗೆ ಹೇಳಿದ: "ನನ್ನ ಹೆಸರು, ಮನೆ ನಂಬರು ಅದು ಬಾಯ್ಬಿಟ್ಟು ಓದ್ಬೇಕು. ಸಹಿ ಹಾಕೋ ಚೌಕಕ್ಕೆ ಕೈಗೆ ಸಿಗೋ ಹಾಗೆ ಒಂದು ಅಂಚಿರ್ಬೇಕು. ಅಷ್ಟೇ." ಅವಳು ಬರೆದುಕೊಂಡಳು. ದನಿಯಲ್ಲಿ ಕಪಟ ಇರಲಿಲ್ಲ. ದನಿಯ ವಿಷಯದಲ್ಲಿ ಅವನು ಏಮಾರುವ ಆಸಾಮಿಯಲ್ಲ. ಹೊರಡುವಾಗ ಫೋಟೊ ತೆಗೆದರು.

ಮತದಾನದ ದಿನ ಹೆಂಡತಿ ಮತಗಟ್ಟೆಯ ಬಾಗಿಲಲ್ಲೇ ನಿಂತುಬಿಟ್ಟಳು. "ಗೋಡೆ ಮೇಲೆ ನೀವೇ ಇದೀರಿ. ಕೆಳಗೆ 'ಎಲ್ಲರಿಗೂ ಸುಲಭ' ಅಂತ ಬರ್ದಿದಾರೆ. ಕಪ್ಪು ಕನ್ನಡಕ ಮಾತ್ರ ಸೊಟ್ಟ."

ಮೇಜಿಗೆ ಬರುವವರೆಗೂ ಅವನು ನಗುತ್ತಲೇ ಇದ್ದ.

ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಅಂಚೂ ಇರಲಿಲ್ಲ, ಬೆರಳು ನುಣ್ಣಗೆ ಜಾರಿ ಮೇಜಿಗೆ ಬಿತ್ತು. ಸಹಿ ಹಾಕಿದ. "ಚೌಕದ ಹೊರಗೆ ಹೋಯ್ತು," ಅಂದ ಗುಮಾಸ್ತ. ಮೂರನೇ ಸಲಕ್ಕೆ ಹೆಸರಿನ ಬಾಲವಷ್ಟೇ ಒಳಗೆ ಬಿತ್ತಂತೆ. ಹಿಂದೆ ಸಾಲು ಗೊಣಗತೊಡಗಿತು.

"ಒಂದು ಕಾಗದ ಕೊಡಿ. ಹಾಕಿ ತೋರಿಸ್ತೀನಿ."

"ಕಾಗದದ ಕಾಲ ಮುಗೀತು ಯಜಮಾನ್ರೇ. 'ಸಹಿ ಬರುವುದಿಲ್ಲ' ಅಂತ ಒತ್ತಿಬಿಡ್ತೀನಿ, ಹೆಬ್ಬೆಟ್ಟು ಕೊಡಿ."

"ನಂಗೆ ಸಹಿ ಬರುತ್ತೆ."

"ನಂಗೊತ್ತಾಯ್ತು. ಇದಕ್ಕೆ ಗೊತ್ತಾಗಲ್ವಲ್ಲ."

ಗುಮಾಸ್ತ ಕೆಟ್ಟವನೇನಲ್ಲ. ಹೆಬ್ಬೆರಳನ್ನು ಮೆತ್ತಗೇ ಹಿಡಿದು ಒತ್ತಿಸಿದ. ಹಲೋ ಮಾವ ಮತ ಹಾಕಿದ, ಮನೆಗೆ ಬಂದ, ಊಟ ಬೇಡ ಅಂದ.

ಮರುವಾರ ವಿನ್ಯಾಸಗಾರ್ತಿಗೆ ಫೋನ್ ಮಾಡಿದ. "ಅಂಚಿಟ್ರೆ ಯಂತ್ರ ಸಾಗಿಸೋ ಪೆಟ್ಟಿಗೇಲಿ ಹಿಡಿಸಲ್ಲ ಅಂದ್ರು ಮೇಲಿನವರು," ಅಂದಳು ಅವಳು. "ಓದೋಕೆ ಬಿಟ್ರೆ ಸಾಲು ನಿಧಾನ ಆಗುತ್ತಂತೆ. ನಾನು ಜಗಳಾನೇ ಆಡಿದೆ."

"ಫೋಟೊ ಹಾಕುವಾಗಲೂ ಆಡಿದ್ರಾ?"

ಮುಂದಿನ ಯಂತ್ರದ ಪರೀಕ್ಷೆಗೂ ನಿಮ್ಮನ್ನೇ ಕರೆಯುತ್ತೇವೆ ಎಂದಳು ಅವಳು. ಕರೆದರು ಕೂಡ. ಅವನು ಹೋಗಲಿಲ್ಲ.

ಅದಾದ ಮೇಲೆ ಎರಡು ಚುನಾವಣೆ ಕಳೆದವು. ಎರಡೂ ದಿನ ಇನ್ನೊಬ್ಬರ ಪಾಳಿಯನ್ನು ಕೇಳಿ ಪಡೆದು ಟೆಲಿಫೋನ್ ಬೋರ್ಡಿನ ಮುಂದೆ ಕೂತ. ಹೆಂಡತಿ ಒಬ್ಬಳೇ ಹೋಗಿ ಬಂದಳು. ಯಾರಿಗೆ ಹಾಕಿದೆ ಎಂದು ಅವನು ಕೇಳಲೂ ಇಲ್ಲ.