ಫಿಲ್ಮ್ ಹಾಕಿದ ತಪ್ಪಿಗೆ

ಗಣಿ ಆಸ್ಪತ್ರೆಯಲ್ಲಿ ಗುಮಾಸ್ತನಾಗಿ ಸೇರಿದ ದಿನ ನಾನೂ ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರೆಲ್ಲ ಸುರಂಗಕ್ಕಿಳಿಯಲು ಬಂದ ಹುಡುಗರು. ಎಕ್ಸ್‌ರೇ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿತ್ತು. ಒಳಗಿದ್ದ ತೆಳ್ಳನೆಯ ಮನುಷ್ಯ ಎರಡು ಬೆರಳಿನಿಂದ ನನ್ನ ಗದ್ದ ಮೇಲೆತ್ತಿ, ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿಸಿ, "ಉಸಿರು ಎಳ್ಕೋ... ಹಿಡ್ಕೋ... ಬಿಡು ತಮ್ಮಾ" ಎಂದ. ಯಂತ್ರ ಗುಂಯ್ ಎಂದಿತು. ಅಷ್ಟು ಶ್ರದ್ಧೆಯಿಂದ ನನ್ನನ್ನು ಯಾರೂ ಪರೀಕ್ಷಿಸಿರಲಿಲ್ಲ. ಹುಡುಗರು ಅವನನ್ನು ಉಸಿರಣ್ಣ ಎನ್ನುತ್ತಿದ್ದರು.

ಎಕ್ಸ್‌ರೇ ಚಿತ್ರಗಳನ್ನು ಜೋಡಿಸಿಡುವುದು ನನ್ನ ಕೆಲಸ. ಜೋಡಿಸಲು ಒಂದೂ ಇರಲಿಲ್ಲ. ಯಂತ್ರದಲ್ಲಿ ಫಿಲ್ಮೇ ಇರುತ್ತಿರಲಿಲ್ಲ. "ಕಲ್ಲು ಒಡೆಯೋ ಎದೆಗೆ ಫೋಟೋ ಯಾಕ್ರೀ?" ಎಂದಿದ್ದರಂತೆ ಮ್ಯಾನೇಜರ್. ಡಾಕ್ಟರರ ಪ್ರತಿಭೆ ಇನ್ನೂ ದೊಡ್ಡದು: ಇಲ್ಲದ ಚಿತ್ರ ನೋಡಿ, ಕಾಫಿ ಆರುವ ಮೊದಲೇ ಎಲ್ಲರ ಚೀಟಿಗೂ 'ಫಿಟ್' ಎಂದು ಮೊಹರು ಒತ್ತುತ್ತಿದ್ದರು.

ಕೇಳಿದರೆ ಉಸಿರಣ್ಣ ನಕ್ಕ. "ನಂದೇನಿದೆ? ಹಿಡ್ಕೋ ಅಂತೀನಿ, ಬಿಡು ಅಂತೀನಿ, ಸಂಬಳ ತಗೋತೀನಿ."

ಒಮ್ಮೆ ಅವನ ಅಕ್ಕನ ಮಗ ಸಾಲಿನಲ್ಲಿ ಕೆಮ್ಮುತ್ತ ಬಂದ. ಅಂದು ಉಸಿರಣ್ಣ, ಮ್ಯಾನೇಜರರ ಮನೆಯವರಿಗೆಂದು ಬೀಗ ಹಾಕಿಟ್ಟಿದ್ದ ಫಿಲ್ಮುಗಳಲ್ಲಿ ಒಂದನ್ನು ತೆಗೆದು ಯಂತ್ರಕ್ಕೆ ಹಾಕಿದ. ಬಲ ಶ್ವಾಸಕೋಶದಲ್ಲಿ ಬಿಳಿ ಮಚ್ಚೆ. ಚಿತ್ರ ಕಣ್ಣ ಮುಂದೆ ಬಂದಮೇಲೆ ಡಾಕ್ಟರರು, ಪಾಪ, ನೋಡಲೇಬೇಕಾಯಿತು. ಹುಡುಗನಿಗೆ ಕೆಲಸ ತಪ್ಪಿತು.

ಮರುದಿನ ಅಕ್ಕ ಸಾಲಿನ ನಡುವೆಯೇ ನುಗ್ಗಿದಳು. "ಊರ ಮಕ್ಕಳೆಲ್ಲ ಪಾಸು, ನನ್ನ ಮಗ ಮಾತ್ರ ಫೇಲಾ? ಒಡಹುಟ್ಟಿದೋನಾಗಿ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!"

"ಕೂಗ್ಬೇಡ ಅಕ್ಕಾ. ಎದೇಲಿ ಮಚ್ಚೆ ಇದೆ. ಆ ಧೂಳು ಕುಡಿದ್ರೆ ಅವನು ಉಳಿಯಲ್ಲ."

"ಇವರ ಎದೇಲಿ ಏನಿದೆ, ಬಂಗಾರಾನಾ?"

"ಇವರದ್ದು ನೋಡಿಲ್ಲ," ಎಂದುಬಿಟ್ಟ.

ಸಾಲಿನಲ್ಲಿದ್ದ ಒಬ್ಬ ಕೇಳಿದ, "ಯಾಕಣ್ಣಾ, ನಾವೇನು ಬೀದೀಲಿ ಬಿದ್ದವರಾ? ನಮಗೂ ಹಾಕು ಫಿಲ್ಮು." ಎಲ್ಲರೂ ಅಂಗಿ ತೊಟ್ಟು ನೆಲದ ಮೇಲೆ ಕುಳಿತರು. ಫಿಲ್ಮ್ ಬರುವವರೆಗೂ ಒಬ್ಬನೂ ಸುರಂಗಕ್ಕಿಳಿಯಲಿಲ್ಲ.

ಫಿಲ್ಮ್ ಬಂತು, ಉಸಿರಣ್ಣನನ್ನು ಮನೆಗೆ ಕಳಿಸಿದರು. ವರ್ಷಗಟ್ಟಲೆ ನಾಟಕ ಆಡಿದ್ದಕ್ಕಲ್ಲ, ಅನುಮತಿಯಿಲ್ಲದೆ ಒಂದು ಫಿಲ್ಮ್ ಬಳಸಿದ್ದಕ್ಕೆ. ಡಾಕ್ಟರರಿಗೆ ಬಡ್ತಿಯಾಯಿತು. ಹಾಗಂತ ಉಸಿರಣ್ಣನ ಮೇಲೆ ನನಗೆ ಕನಿಕರವಿಲ್ಲ. ಸ್ವಂತ ಅಳಿಯ ಕೆಮ್ಮುವವರೆಗೂ ಅವನಿಗೆ ಯಾರ ಕೆಮ್ಮೂ ಕೇಳಿಸಿರಲಿಲ್ಲ. ಆ ಅಳಿಯ ಮಾತ್ರೆ ನುಂಗಿ ಗುಣವಾಗಿದ್ದಾನೆ. ಅಕ್ಕ ಮಾತ್ರ ತಮ್ಮನೊಂದಿಗೆ ಇನ್ನೂ ಮಾತು ಬಿಟ್ಟಿದ್ದಾಳೆ. ಉಸಿರಣ್ಣ ಈಗ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಅರ್ಜಿಗೆ ಅಂಟಿಸುವ ಫೋಟೋ ತೆಗೆಯುತ್ತಾನೆ.