ಕರೆಯುವವಳ ಎರಡು ಕೈ

ಟರ್ಕಿ ಕೋಳಿಯ ಬೇಟೆಯಲ್ಲಿ ಕರೆಯುವವಳು ನಾನು, ಹೊಡೆಯುವವರು ನನ್ನ ಗಂಡ. ಅವರು ಬಂದೂಕು ಹಿಡಿದು ಮುಂದೆ ಕೂರುವುದು, ನಾನು ಹಿಂದೆ ಓಕ್ ಮರಕ್ಕೆ ಒರಗಿ ಕರೆಯುವ ಪೆಟ್ಟಿಗೆ ಉಜ್ಜುವುದು. ಒಂದು ಕೈಯಲ್ಲಿ ಮರದ ಪೆಟ್ಟಿಗೆ, ಇನ್ನೊಂದರಲ್ಲಿ ಅದರ ಮುಚ್ಚಳ. ಉಜ್ಜಿದರೆ ಥೇಟ್ ಹೆಣ್ಣು ಟರ್ಕಿಯ ದನಿ. ಗಂಡು ಅದನ್ನು ಹುಡುಕಿಕೊಂಡು ಬರುವಾಗ ದಾರಿಯಲ್ಲಿ ಅವರಿಗೆ ಸಿಗುತ್ತಿತ್ತು. ಅಷ್ಟು ವರ್ಷ ನಾನು ಕಂಡದ್ದೆಲ್ಲ ಅವರ ಬೆನ್ನು.

ಹೋದ ಚಳಿಗಾಲದಲ್ಲಿ ಅವರು ತೀರಿಹೋದರು. ಬಂದೂಕು ಮಾರಿಬಿಡು ಎಂದು ಮಗಳು ಇಂಗ್ಲಿಷಿನಲ್ಲಿ ಶುರುಹಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ನನಗೂ ಲೈಸೆನ್ಸಿದೆ, ಈ ಸೀಸನ್ನಿನಲ್ಲಿ ಒಂದಾದರೂ ಹೊಡೆಯದಿದ್ದರೆ ನೀನೇ ಮಾರಿಕೋ ಎಂದುಬಿಟ್ಟೆ.

ಸ್ಯಾನ್ ರಮೋನಿನ ನಮ್ಮ ಬೀದಿಯಲ್ಲಿ ಟರ್ಕಿಗಳು ಕಾರು ಅಡ್ಡಗಟ್ಟಿ ಮೆರೆಯುತ್ತವೆ, ಹಾಳಾದವು. ಊರೊಳಗೆ ಗುಂಡು ಹಾರಿಸಬಾರದೆಂಬ ಕಾನೂನು, ಅವನ್ನು ಮುಟ್ಟುವಂತಿಲ್ಲ. ಗುಡ್ಡದಾಚೆ ಪರಿಚಯದವರ ದನ ಮೇಯುವ ರ‍್ಯಾಂಚಿಗೆ ಹೋಗಬೇಕು. ಸೀಸನ್ನಿನ ಮೊದಲಲ್ಲಿ ಗಂಡುಗಳ ಸುತ್ತ ಹೆಣ್ಣುಗಳೇ ತುಂಬಿರುತ್ತವೆ, ನನ್ನ ಕರೆಗೆ ಯಾವನು ಬರುತ್ತಾನೆ? ಪೆಟ್ಟಿಗೆಯನ್ನು ಜಗಳಗಂಟಿಯ ಹಾಗೆ ಕಿರುಚಿಸಿದರೂ ದೂರದಿಂದ ಓಗೊಟ್ಟು ಸುಮ್ಮನಾಗುತ್ತಿದ್ದವು. ಹೆಣ್ಣುಗಳು ಮೊಟ್ಟೆಗೆ ಕೂತ ಮೇಲೆ ಗಂಡು ಒಂಟಿ. ಆಗ ಮೆತ್ತಗೆ ಕರೆದರೂ ಕೇಳಿಸಿಕೊಳ್ಳುತ್ತದೆ.

ಸೀಸನ್ನಿನ ಕೊನೆಯ ಭಾನುವಾರ ಬೆಳಿಗ್ಗೆ ಒಂದು ಓಗೊಟ್ಟಿತು, ಹತ್ತಿರ ಬಂತು, ಪೊದೆಯಾಚೆ ನಿಂತುಬಿಟ್ಟಿತು. ಹೋದೀತೆಂಬ ಭಯಕ್ಕೆ ಮತ್ತೆ ಮತ್ತೆ ಕರೆದೆ. ಹಿಂದೆಲ್ಲ ಹೀಗೆ ಮಾಡಿದಾಗ ಅವರು ಮುಖ ತಿರುಗಿಸದೆ ಗದರುತ್ತಿದ್ದರು: "ಸಾಕ್ ಮಾಡ. ನೀ ಕರಕೋತ ಕುಂತ್ರ, ನೀನ ಬರ್ತಿ ಅಂತ ಅದು ಅಲ್ಲೇ ನಿಲ್ತೈತಿ."

ಈಗ ಗದರುವವರಿಲ್ಲ. ಪೆಟ್ಟಿಗೆಗೂ ಎರಡು ಕೈ ಬೇಕು, ಬಂದೂಕಿಗೂ ಎರಡು ಕೈ ಬೇಕು. ನನಗಿರುವುದೇ ಎರಡು. ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು ಬಂದೂಕು ಎತ್ತಿಕೊಂಡೆ, ಸುಮ್ಮನೆ ಕೂತೆ. ಯಾ ಅಲ್ಲಾ, ಸುಮ್ಮನೆ ಕೂರುವುದು ಮನೆಯಲ್ಲೇ ಸಾಕಾಗಿಹೋಗಿತ್ತು ನನಗೆ.

ಅದು ಬಂತು. ಕೆಂಪು ಕತ್ತು, ಎದೆಯ ಮೇಲೆ ಗಡ್ಡದ ಹಾಗೆ ಇಳಿಬಿದ್ದ ಗರಿಗೊಂಚಲು, ಕರೆದವಳೆಲ್ಲಿ ಎಂದು ಅತ್ತಿತ್ತ ನೋಡುತ್ತಾ. ನನ್ನ ಕರೆಗೆ ಬಂದದ್ದನ್ನು ಇಷ್ಟು ವರ್ಷಗಳಲ್ಲಿ ಮೊದಲ ಸಲ ಪೂರ್ತಿ ಕಂಡೆ. ಬಿಸ್ಮಿಲ್ಲಾ ಎಂದು ಹೊಡೆದೆ.

"ಬಿತ್ತು ನೋಡ್ರೀ!" ಎಂದು ಕೂಗಿಯೇಬಿಟ್ಟೆ. ಅವರ ಬೆನ್ನು ತಟ್ಟಲು ಚಾಚಿದ ಕೈ ಹುಲ್ಲಿಗೆ ತಾಗಿತು.