ಬಾಗಿಲ ಮೇಲೆ ಬರೆದ ಆಸೆ

ಪಕ್ಕದ ತೋಟದಲ್ಲಿ ಆನೆ ಓಡಿಸಲು ಗರ್ನಾಲು ಪಟಾಕಿ ಸಿಡಿಸಿದರು. ಆ ಮದ್ದಿನ ವಾಸನೆಗೆ ಗುತ್ತಿಗಾರಿನ ನನ್ನ ಬಾಲ್ಯ ನೆನಪಾಯಿತು.

ಶಾಲೆಯ ದಾರಿಯಲ್ಲಿ ಆನೆ ಕಂಡಿತೆಂದು ಅಪ್ಪ ನನ್ನನ್ನು ಮನೆಯಲ್ಲೇ ಕೂರಿಸಿದ್ದರು. ಆನೆ ಕಾಡಿಗೆ ಮರಳಿದರೂ ನನಗೆ ಬಿಡುಗಡೆ ಇರಲಿಲ್ಲ. ಗೆಳತಿಯರು ಶಾಲೆಗೆ ಹೋಗುವಾಗ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ಇದ್ದಿಲಿನಲ್ಲಿ ಬಾಗಿಲ ಮೇಲೆ ಬರೆದೆ: ‘ನಾನು ಹತ್ತನೇ ಕ್ಲಾಸು ಪಾಸಾಗಬೇಕು.’ ಬರೆದ ಮೇಲೆ ಧೈರ್ಯ ಬಂತು.

“ಇದೆಂತ? ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ವಾ?” ಅಪ್ಪ ರೇಗಿದರು.

“ಎಷ್ಟು ಸಲ ಹೇಳಿದೆ ಅಪ್ಪ, ನೀವು ಕೇಳ್ಲಿಲ್ಲ.”

ಅಪ್ಪ ಅದನ್ನು ಒರೆಸಲಿಲ್ಲ. ಹೋಗುವಾಗ ಬರುವಾಗ ಓದುತ್ತಿದ್ದರು. ಆ ವಾರವೇ, “ಹೊರಡು, ನಾನೂ ಬರ್ತೇನೆ” ಎಂದರು. ಪರೀಕ್ಷೆ ಮುಗಿಯುವವರೆಗೂ ಜೊತೆಗೆ ನಡೆದರು. ಪಾಸಾದೆ.

ಈಗ ಮಗಳು ಪುತ್ತೂರಿನ ಹಾಸ್ಟೆಲಿಗೆ ಹೊರಟಿದ್ದಾಳೆ. ನನಗೆ ಹೆದರಿಕೆ ಉಂಟು. ಆದರೂ ಅವಳ ಬಟ್ಟೆ ಮಡಚಿಡುತ್ತಿದ್ದೇನೆ.